ಹೊಸ್ತಿಲಾಚೆ ನಿಂತ ಹುಡುಗಿಯರು

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬುದು ನಮ್ಮ ಕಡೆಯ ಹಳೆಯ ಗಾದೆ. ಹುಟ್ಟಿದ ಮನೆಯವರು ಹೀಗೆ ಹೊರಗಿನವಳೆಂದು ಎಣಿಸಿದ ಅದೇ ಹುಡುಗಿಯನ್ನು ತುಂಬಿಸಿಕೊಂಡ ಮನೆಯವರು ‘ಕುಲವಧು’ ಎಂದು ಕರೆಯುತ್ತಾರೆ. ಆ ಮನೆಯ ಮಾತು ಮೀರಿ ಅವಳು ಅಂಗಳ ದಾಟಿದರೆ ಊರು ಅವಳಿಗೆ ಮತ್ತೊಂದು ಹೆಸರಿಡುತ್ತದೆ. ಹುಡುಗಿ ಒಬ್ಬಳೇ. ಅವಳು ಹೊಸ್ತಿಲಿನ ಯಾವ ಬದಿಗೆ ನಿಂತಿದ್ದಾಳೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ.

ಗೋಕಾಕ ಸೀಮೆಯ ಕಾದಂಬರಿಗಳ ಶೀರ್ಷಿಕೆಗಳಲ್ಲಿಯೇ ಈ ಮಾತನ್ನು ಕಾಣಬಹುದು. ‘ಕುಲವಧು’ ಎಂಬ ಕಾದಂಬರಿ ಕೃಷ್ಣಮೂರ್ತಿ ಪುರಾಣಿಕರದು. ‘ಬೀದಿಯಲ್ಲಿ ಬಿದ್ದವಳು’ ಬಸವರಾಜ ಕಟ್ಟೀಮನಿಯವರದು. ೧೯೧೧ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಪುರಾಣಿಕರು ಗೋಕಾಕದಲ್ಲಿ ಮಾಸ್ತರಾಗಿ ಅಲ್ಲಿಯೇ ನೆಲೆಸಿದರು. ೧೯೧೯ರಲ್ಲಿ ಹುಟ್ಟಿದ ಕಟ್ಟೀಮನಿಯವರು ಗೋಕಾಕ ತಾಲೂಕಿನ ಮಲಾಮರಡಿಯವರು. ಒಂದೇ ತಾಲೂಕಿನ ನೀರು ಕುಡಿದ, ಒಂದೇ ತಲೆಮಾರಿನ ಇಬ್ಬರು ಬರಹಗಾರರ ಪೈಕಿ ಒಬ್ಬರ ಪುಸ್ತಕದ ಹೆಸರು ಮನೆಯ ಒಳಗಿನದು, ಇನ್ನೊಬ್ಬರದು ಬೀದಿಯದು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ‘ಹೆಣ್ಣುಮಗು ಹೀಗಿರಬೇಕು’ ಎಂಬ ಪಾಠವನ್ನು ಯಾರೂ ಕರಿಹಲಗೆಯ ಮೇಲೆ ಬರೆದು ಕಲಿಸಲಿಲ್ಲ. ಅಜ್ಜಿ ಹೇಳಿದ ಕಥೆ, ಜಾತ್ರೆಯಲ್ಲಿ ನೋಡಿದ ಆಟ, ಮಧ್ಯಾಹ್ನದ ಬಿಡುವಿನಲ್ಲಿ ಓದಿದ ಕಾದಂಬರಿ, ಟೆಂಟ್ ಟಾಕೀಸಿನ ಸಿನಿಮಾ, ಇವೆಲ್ಲ ಸೇರಿ ಆ ಪಾಠ ಕಲಿಸಿದವು. ಅದೇ ಕಥೆಗಳು ಅದೇ ಪಾಠವನ್ನು ಪ್ರಶ್ನಿಸುವುದನ್ನೂ ಕಲಿಸಿದವು ಎಂಬುದು ಕುತೂಹಲದ ಸಂಗತಿ.

ಅಜ್ಜಿ ಹೇಳಿದ ಕಥೆ

ಕವಿ, ವಿದ್ವಾಂಸ ಎ.ಕೆ. ರಾಮಾನುಜನ್ ೧೯೫೦ರ ದಶಕದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಪಾಠದ ನಡುವೆ ಬಿಡುವು ಮಾಡಿಕೊಂಡು ಸುತ್ತಲಿನ ಹಳ್ಳಿಗಳ ಹೆಂಗಸರು ಹೇಳುವ ಕಥೆಗಳನ್ನು ಬರೆದುಕೊಳ್ಳುತ್ತಿದ್ದರು. ೧೯೫೫ರಲ್ಲಿ ಕಿತ್ತೂರಿನಲ್ಲಿ ಅವರಿಗೆ ಸಿಕ್ಕ ಕಥೆ ‘ಹಂಚಿ’. ಮುಂದೆ ಇದು ಕನ್ನಡದ ಸಿಂಡ್ರೆಲ್ಲಾ ಕಥೆ ಎಂದು ಜಗತ್ತಿನ ಜಾನಪದ ವಿದ್ವಾಂಸರ ಗಮನ ಸೆಳೆಯಿತು.

ಒಬ್ಬ ಮುದುಕಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳ ಕೂದಲು ಬಂಗಾರದ್ದು. ತಂಗಿಯ ಚೆಲುವಿಗೆ ಅಣ್ಣನೇ ಮರುಳಾಗುತ್ತಾನೆ. ಇದನ್ನರಿತ ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಹಾಕಿ ಮನೆಯಿಂದ ಕಳಿಸಿಬಿಡುತ್ತಾಳೆ. ಹಂಚಿನಂಥ ಮುಖವಿದ್ದವಳು ಹಂಚಿಯಾಗುತ್ತಾಳೆ. ಸಾಹುಕಾರರ ಮನೆಯಲ್ಲಿ ಆಳಾಗಿ ದುಡಿಯುತ್ತಾಳೆ. ಎರೆದುಕೊಳ್ಳಲು ಮುಖವಾಡ ತೆಗೆದಾಗ ಸಾಹುಕಾರನ ಮಗ ನೋಡಿ ಮೆಚ್ಚಿ ಮದುವೆಯಾಗುತ್ತಾನೆ. ಸುಖ ಅಲ್ಲಿಗೂ ನಿಲ್ಲುವುದಿಲ್ಲ. ಆ ಮನೆಯ ಗುರು ಅವಳ ಮೇಲೆ ಕಣ್ಣು ಹಾಕುತ್ತಾನೆ. ಅವಳು ಬಗ್ಗದಾಗ ನಡತೆಗೆಟ್ಟವಳೆಂದು ಚಾಡಿ ಹೇಳಿ ಮನೆಯಿಂದ ಹೊರಹಾಕಿಸುತ್ತಾನೆ. ಕೊನೆಗೆ ಗುರುವಿಗೆ ತಕ್ಕ ಶಾಸ್ತಿಯಾಗಿ, ಅವಳ ಕೈಯಡುಗೆಯ ರುಚಿಯಿಂದ ಗಂಡ ಅವಳನ್ನು ಗುರುತಿಸುತ್ತಾನೆ.

ಇಲ್ಲಿ ತಪ್ಪು ಅಣ್ಣನದು, ಮುಖ ಮುಚ್ಚಿಕೊಂಡು ಊರು ಬಿಟ್ಟವಳು ತಂಗಿ. ತಪ್ಪು ಗುರುವಿನದು, ಮನೆಯಿಂದ ಹೊರಬಿದ್ದವಳು ಸೊಸೆ. ಕಥೆ ಹೇಳುವ ಅಜ್ಜಿ ಇದಕ್ಕೆ ವ್ಯಾಖ್ಯಾನ ಮಾಡುವುದಿಲ್ಲ, ನ್ಯಾಯಾನ್ಯಾಯ ಬಿಡಿಸಿ ಹೇಳುವುದಿಲ್ಲ. ಕೇಳುತ್ತ ಕೂತ ಮೊಮ್ಮಗಳಿಗೆ ಮಾತ್ರ ಎರಡು ಸಂಗತಿ ಒಟ್ಟಿಗೇ ತಲುಪುತ್ತವೆ. ಚೆಲುವನ್ನು ಮುಚ್ಚಿಟ್ಟುಕೋ ಎಂಬ ಎಚ್ಚರಿಕೆ ಒಂದು. ಅಪಾಯ ಹೊರಗಿನಿಂದಲೇ ಬರಬೇಕೆಂದಿಲ್ಲ, ಮನೆಯೊಳಗಿನಿಂದಲೂ ಪೂಜೆ ಮಾಡಿಸಿಕೊಳ್ಳುವವರಿಂದಲೂ ಬರಬಹುದು ಎಂಬ ತಿಳಿವಳಿಕೆ ಇನ್ನೊಂದು. ಮೊದಲನೆಯದನ್ನು ಊರೆಲ್ಲ ಬಾಯಿಬಿಟ್ಟು ಹೇಳುತ್ತದೆ. ಎರಡನೆಯದನ್ನು ಹೇಳಲು ಕಥೆಯೇ ಬೇಕಾಯಿತು.

ಕನ್ನಡ ನಾಡಿನಲ್ಲಿ ರಾಮಾನುಜನ್ ಮತ್ತು ಅವರ ಸಂಗಡಿಗರಿಗೆ ಹಲವು ಪಾಠಗಳಲ್ಲಿ ದೊರೆತ ಇನ್ನೊಂದು ಕಥೆ ಹೂವಿನ ಗಿಡವಾಗುವ ಹುಡುಗಿಯದು. ಬಡ ತಾಯಿಯ ಕಿರಿಮಗಳು ಮೈಮೇಲೆ ನೀರು ಹೊಯ್ಯಿಸಿಕೊಂಡು ಗಿಡವಾಗುತ್ತಾಳೆ. ಅಕ್ಕ ಹೂ ಬಿಡಿಸಿ ಮಾರಿ ತಾಯಿಯ ಹೊರೆ ಇಳಿಸುತ್ತಾಳೆ. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ನಾದಿನಿ ತನ್ನ ಗೆಳತಿಯರ ಎದುರು ಗಿಡವಾಗಲು ಅವಳನ್ನು ಬಲವಂತಪಡಿಸುತ್ತಾಳೆ. ಹುಡುಗಿಯರು ಹೂವಿಗಾಗಿ ಟೊಂಗೆ ಮುರಿಯುತ್ತಾರೆ. ಮತ್ತೆ ಮನುಷ್ಯಳಾದಾಗ ಅವಳಿಗೆ ಕೈಕಾಲುಗಳೇ ಇರುವುದಿಲ್ಲ. ಇದನ್ನು ವಿಶ್ಲೇಷಿಸುತ್ತ ರಾಮಾನುಜನ್ ಒಂದು ವ್ಯತ್ಯಾಸ ಗುರುತಿಸಿದ್ದಾರೆ. ಗಂಡುಮಕ್ಕಳ ಸಾಹಸದ ಕಥೆ ಸಾಮಾನ್ಯವಾಗಿ ಮದುವೆಯೊಂದಿಗೆ ಮುಗಿಯುತ್ತದೆ. ಹೆಣ್ಣು ನಡುಮಧ್ಯ ನಿಂತ ಕಥೆಗಳಲ್ಲಿ ಮದುವೆಯ ನಂತರವೇ ಕಷ್ಟ ಶುರುವಾಗುತ್ತದೆ. ಈ ಕಥೆಯನ್ನಾಧರಿಸಿ ಗಿರೀಶ ಕಾರ್ನಾಡರು ‘ಚೆಲುವಿ’ ಚಿತ್ರ ಮಾಡಿದರು. ರಾಮಾನುಜನ್ ಅವರಿಂದ ಕೇಳಿದ ಬೇರೆ ಜನಪದ ಕಥೆಗಳಿಂದ ೧೯೮೮ರಲ್ಲಿ ‘ನಾಗಮಂಡಲ’ ನಾಟಕ ಬರೆದರು. ಆ ನಾಟಕದ ರಾಣಿಗೆ ಗಂಡನ ಮನೆಯಲ್ಲಿ ದೊರೆಯುವ ಮೊದಲ ಉಡುಗೊರೆ ಬಾಗಿಲಿಗೆ ಹಾಕಿದ ಬೀಗ.

ಆಟದ ಮುನಿಸು

ಮನೆಯೊಳಗಿನ ಕಥೆ ಹೀಗಾದರೆ ಬಯಲಲ್ಲಿ ನಡೆದ ಆಟ ಬೇರೆ ಬಗೆಯದು. ಕೆಲವು ವರ್ಷಗಳ ಹಿಂದೆ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯ ಕಡೆ ಹೋದರೆ ಕುಲಗೋಡ ಎಂಬ ಊರು ಸಿಗುತ್ತದೆ. ‘ಶ್ರೀಕೃಷ್ಣ ಪಾರಿಜಾತ’ ಸಣ್ಣಾಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನವರ ಊರು ಇದು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟನೆಂಬ ಸುದ್ದಿಗೆ ಸತ್ಯಭಾಮೆ ಮುನಿದು ಕೂಡುವುದು ಆಟದ ಮೂಲ ಎಳೆ.

ಕಥೆಯ ಉದ್ದೇಶ ಭಾಮೆಯ ಸೊಕ್ಕು ಇಳಿಸುವುದೇ. ಆದರೂ ಬೆಳತನಕ ಕೂತ ಪ್ರೇಕ್ಷಕರು ಕಾಯುತ್ತಿದ್ದುದು ಅವಳ ಮಾತಿಗೆ. ನನಗೆ ಕೊಡಬೇಕಾದುದನ್ನು ಅವಳಿಗೆ ಏಕೆ ಕೊಟ್ಟೆ ಎಂದು ದೇವರನ್ನೇ ದಬಾಯಿಸುವ ಹೆಂಡತಿ ಅವಳು. ಮನೆಯಲ್ಲಿ ಗಂಡನ ಎದುರು ನಿಂತು ಮಾತಾಡಬಾರದೆಂದು ಕಲಿತ ಹೆಣ್ಣುಮಕ್ಕಳು ಆಟದಲ್ಲಿ ಅದನ್ನು ಕಣ್ತುಂಬ ನೋಡಿದರು.

ಈ ಆಟವನ್ನು ಊರೂರಿಗೆ ಒಯ್ದು ಹೆಸರು ಮಾಡಿದವರಲ್ಲಿ ಅದೇ ಸೀಮೆಯ ಕೌಜಲಗಿಯ ನಿಂಗಮ್ಮ ಮುಖ್ಯರು. ಗರತಿ ಎನಿಸಿಕೊಳ್ಳಬೇಕಾದ ಹೆಣ್ಣು ರಂಗ ಹತ್ತಬಾರದೆಂದು ಊರು ನಂಬಿದ್ದ ಕಾಲದಲ್ಲಿ ಒಬ್ಬ ಹೆಂಗಸು ಹತ್ತಿ ಹಾಡಿ ಕುಣಿದು ಜನರನ್ನು ಸೆಳೆದಳು. ಜನ ಗಾಡಿ ಕಟ್ಟಿಕೊಂಡು ಬಂದು ನೋಡಿದರು, ‘ಕೌಜಲಗಿ ನಿಂಗಮ್ಮ’ ಎಂಬ ಹೆಸರನ್ನು ಆಟಕ್ಕೇ ಅಂಟಿಸಿದರು. ಆದರೂ ನಮ್ಮ ಮಗಳು ಹಾಗಾಗಲಿ ಎಂದು ಹರಸಿದ ತಾಯಿ ಸಿಗುವುದು ಕಷ್ಟ. ಹೊಸ್ತಿಲ ಆಚೆಯ ಹೆಣ್ಣನ್ನು ಮೆಚ್ಚುವುದು ಬೇರೆ, ಒಪ್ಪುವುದು ಬೇರೆ.

ಕಾಯದೆಯ ಬೆನ್ನಿಗೆ ಕಾದಂಬರಿ

ಬೆಳಗಾವಿ ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹೆಣ್ಣುಮಕ್ಕಳ ಬಗೆಗಿನ ದೊಡ್ಡ ಚರ್ಚೆಗಳು ಮುಂಬಯಿ, ಪುಣೆಗಳಲ್ಲಿ ಎದ್ದು ಇತ್ತ ಹರಿಯುತ್ತಿದ್ದವು. ಬಾಲ್ಯದಲ್ಲಿ ಮದುವೆಯಾದ ರಖಮಾಬಾಯಿ ಎಂಬ ತರುಣಿ ಗಂಡನ ಮನೆಗೆ ಹೋಗಲು ಒಪ್ಪದಿದ್ದಾಗ ಗಂಡ ೧೮೮೪ರಲ್ಲಿ ಮುಂಬಯಿ ಕೋರ್ಟಿಗೆ ಹೋದ. ೧೮೮೭ರಲ್ಲಿ ಕೋರ್ಟು, ಗಂಡನ ಮನೆಗೆ ಹೋಗು ಇಲ್ಲವೇ ಆರು ತಿಂಗಳು ಸೆರೆಮನೆಗೆ ಹೋಗು ಎಂದಿತು. ಸೆರೆಮನೆಯಾದರೂ ಸರಿ ಎಂದಳು ಆಕೆ. ಕೊನೆಗೆ ೧೮೮೮ರಲ್ಲಿ ಹಣ ಪಡೆದು ಗಂಡ ಹಿಂದೆ ಸರಿದ. ರಖಮಾಬಾಯಿ ಇಂಗ್ಲೆಂಡಿನಲ್ಲಿ ವೈದ್ಯಕೀಯ ಓದಿ ಡಾಕ್ಟರಾಗಿ ಬಂದರು. ಅದಕ್ಕೆ ಕೆಲವೇ ವರ್ಷ ಮೊದಲು, ೧೮೭೯ರಲ್ಲಿ, ನಾರ್ವೆಯ ಇಬ್ಸೆನ್ ಬರೆದ ನಾಟಕದಲ್ಲಿ ನೋರಾ ಎಂಬ ಗೃಹಿಣಿ ಗಂಡನ ಮನೆಯ ಬಾಗಿಲು ಹಾಕಿಕೊಂಡು ಹೊರನಡೆದು ಯುರೋಪಿನಲ್ಲಿ ಗದ್ದಲವೆಬ್ಬಿಸಿದ್ದಳು. ನೋರಾ ನಾಟಕದ ಪಾತ್ರ. ರಖಮಾಬಾಯಿ ನಮ್ಮ ನೆಲದ ನಿಜವಾದ ಹೆಂಗಸು.

ಮುಂದೆ ಒಂದೊಂದೇ ಕಾಯದೆ ಬಂದವು. ೧೮೯೧ರ ಕಾಯದೆ ಹೆಣ್ಣಿನ ಸಮ್ಮತಿಯ ವಯಸ್ಸನ್ನು ೧೦ರಿಂದ ೧೨ಕ್ಕೆ ಏರಿಸಿತು. ಶಾರದಾ ಕಾಯದೆ ಎಂದು ಹೆಸರಾದ ೧೯೨೯ರ ಬಾಲ್ಯವಿವಾಹ ನಿರ್ಬಂಧ ಕಾಯದೆ ಹುಡುಗಿಯರ ಮದುವೆಗೆ ಕನಿಷ್ಠ ೧೪ ವರ್ಷ ಎಂದು ಗೊತ್ತುಪಡಿಸಿತು. ಮುಂಬಯಿ ಆಡಳಿತ ೧೯೩೪ರಲ್ಲಿ ದೇವದಾಸಿಯರ ರಕ್ಷಣೆಗೂ ೧೯೪೬ರಲ್ಲಿ ಹಿಂದೂಗಳ ದ್ವಿಪತ್ನಿತ್ವ ತಡೆಗೂ ಪ್ರತ್ಯೇಕ ಕಾಯದೆ ಮಾಡಿತು.

ಕಾಯದೆ ಹೇಳುವುದು ಏನು ಮಾಡಬಾರದು ಎಂಬುದನ್ನು. ಮಾಡದೆ ಇದ್ದರೆ ಬದುಕು ಹೇಗಿರುತ್ತದೆ ಎಂದು ತೋರಿಸುವ ಕೆಲಸ ಕಾದಂಬರಿಯ ಪಾಲಿಗೆ ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ೧೮೯೯ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ನಾಯಕಿ ಬಾಲವಿಧವೆ. ತಲೆ ಬೋಳಿಸಿಕೊಂಡು ಮೂಲೆ ಹಿಡಿಯಬೇಕಾದವಳು ಮನೆ ಬಿಟ್ಟು ಬರುತ್ತಾಳೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಕನ್ನಡದ ಸಾಮಾಜಿಕ ಕಾದಂಬರಿ ಕಣ್ಣು ಬಿಟ್ಟದ್ದೇ ಹೊಸ್ತಿಲು ದಾಟಿದ ಹುಡುಗಿಯೊಂದಿಗೆ. ತಾವೇ ಬಾಲವಿಧವೆಯಾಗಿದ್ದ ನಂಜನಗೂಡಿನ ತಿರುಮಲಾಂಬಾ ಅವರ ‘ಸುಶೀಲೆ’ ೧೯೧೩ರಲ್ಲಿ ಬಂತು. ಹೆಂಗಸೊಬ್ಬಳು ಬರೆದು, ತಾನೇ ಗ್ರಂಥಮಾಲೆ ನಡೆಸಿ, ಪತ್ರಿಕೆ ಹೊರಡಿಸಿದ್ದು ಅಂದಿಗೆ ಸಣ್ಣ ಸಾಹಸವಲ್ಲ.

ಉತ್ತರ ಕರ್ನಾಟಕದಲ್ಲಿ ಪುಸ್ತಕ ಮನೆಬಾಗಿಲಿಗೆ ಬಂದದ್ದು ಅಂಚೆಯ ಮೂಲಕ. ೧೯೩೩ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಪುಸ್ತಕ ಕಳಿಸುತ್ತಿತ್ತು. ಅದರ ಆರಂಭದ ಪ್ರಕಟಣೆಗಳಲ್ಲಿ ‘ಸುದರ್ಶನ’ ಕಾದಂಬರಿಯೂ ಒಂದು. ಬರೆದವರು ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ೧೯೦೦ರಲ್ಲಿ ಹುಟ್ಟಿದ ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು. ಗಂಡಸು ವಾಚನಾಲಯಕ್ಕೆ ಹೋಗಿ ಓದುತ್ತಿದ್ದ. ಹೆಂಗಸು ವಾಚನಾಲಯಕ್ಕೆ ಹೋಗುವಂತಿರಲಿಲ್ಲ, ಪುಸ್ತಕವೇ ಅವಳ ಬಳಿಗೆ ಬರಬೇಕಿತ್ತು. ಕೃಷ್ಣಶರ್ಮರು ೧೯೩೮ರಲ್ಲಿ ಆರಂಭಿಸಿದ ‘ಜಯಂತಿ’ ಮಾಸಪತ್ರಿಕೆ, ಹುಬ್ಬಳ್ಳಿಯ ವಾರಪತ್ರಿಕೆಗಳು ಅದೇ ದಾರಿಯಲ್ಲಿ ನಡೆದವು. ಮನೆಯಿಂದ ಹೊರಗೆ ಹೋಗದ ಹೆಣ್ಣುಮಗಳ ಕೈಗೆ ಹೊರಗಿನ ಲೋಕ ಮೊದಲು ಸಿಕ್ಕಿದ್ದು ಹೀಗೆ.

‘ಸಂಸಾರಚಿತ್ರ’, ‘ನಮ್ಮ ಬದುಕು’, ‘ಬಡತನದ ಬಾಳು’ ಎಂಬ ಆನಂದಕಂದರ ಕಥಾಸಂಕಲನಗಳ ಹೆಸರುಗಳೇ ಅವರ ಗಮನ ಎಲ್ಲಿತ್ತೆಂದು ಹೇಳುತ್ತವೆ. ಅರಮನೆ, ಯುದ್ಧಗಳ ಕಥೆಯಿಂದ ಒಲೆಯ ಮುಂದಿನ ಬದುಕಿಗೆ ಅವರು ಬಂದರು. ಹಳ್ಳಿಯ ಆಡುಮಾತನ್ನು ಸಾಹಿತ್ಯಕ್ಕೆ ತಂದರು. ಹೆಂಗಸರು ಮಾತಾಡುವ ಭಾಷೆಯೇ ಅಚ್ಚಿಗೆ ಯೋಗ್ಯವೆಂದು ಒಪ್ಪಿದಾಗ ಅವರ ಮಾತಿನ ವಿಷಯಕ್ಕೂ ಬೆಲೆ ಬರುತ್ತದೆ.

ಪುರಾಣಿಕರ ಮನೆ

ಪುರಾಣಿಕರ ಹಲವಾರು ಕಾದಂಬರಿಗಳ ಓದುಗರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ಅವರ ‘ಧರ್ಮದೇವತೆ’ ೧೯೬೨ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಚಿತ್ರವಾಯಿತು. ಮರುವರ್ಷ ‘ಕುಲವಧು’ ತೆರೆಗೆ ಬಂತು. ಎರಡನ್ನೂ ಟಿ.ವಿ. ಸಿಂಗ್ ಠಾಕೂರ್ ನಿರ್ದೇಶಿಸಿದರು. ರಾಜಕುಮಾರ್, ಲೀಲಾವತಿ ಎರಡರಲ್ಲೂ ಅಭಿನಯಿಸಿದರು. ಕಾದಂಬರಿ ಆಧರಿಸಿ ಕನ್ನಡ ಸಿನಿಮಾ ಮಾಡುವ ಪರಿಪಾಠಕ್ಕೆ ದಾರಿ ಹಾಕಿದವುಗಳಲ್ಲಿ ಇವು ಮೊದಲ ಸಾಲಿನವು. ಗೋಕಾಕದ ಮಾಸ್ತರರ ಲೇಖನಿಯಿಂದ ಹುಟ್ಟಿದ ಸೊಸೆ ಹೀಗೆ ಬೆಂಗಳೂರು, ಮೈಸೂರು ಸೀಮೆಯ ಪ್ರೇಕ್ಷಕರ ಮನೆಮಾತಾದಳು.

ಧರ್ಮದೇವತೆ, ಕುಲವಧು ಎಂಬ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಕಾಲದ ನಿರೀಕ್ಷೆ ಪೂರ್ತಿಯಾಗಿ ಕಾಣುತ್ತದೆ. ಹೆಣ್ಣು ಮನೆಗೆ ದೇವತೆ, ಕುಲಕ್ಕೆ ವಧು. ಎರಡರಲ್ಲೂ ಗೌರವವಿದೆ. ಆದರೆ ದೇವತೆಗೆ ಹಸಿವು, ಸಿಟ್ಟು, ಆಯಾಸ ಇರುವುದಿಲ್ಲ. ವಧು ಯಾರೋ ಒಬ್ಬನಿಗಲ್ಲ, ಇಡೀ ಕುಲಕ್ಕೆ ಸೇರಿದವಳು. ಒಡೆಯುವ ಮನೆಯನ್ನು ಜೋಡಿಸುವ ಹೊಣೆ ಅವಳದು. ಜೋಡಿಸಲಾಗದಿದ್ದರೆ ಮನೆಮುರುಕಿ ಎಂಬ ಮಾತೂ ಅವಳದೇ.

ಇಂಥ ಕಾದಂಬರಿಗಳನ್ನು ಹಳೆಯ ಕಾಲದವೆಂದು ಪಕ್ಕಕ್ಕೆ ಸರಿಸುವ ಪ್ರವೃತ್ತಿ ನಮ್ಮಲ್ಲಿದೆ. ಅದು ಅವಸರದ ತೀರ್ಪು. ಬೆಳಗಿನ ಜಾವ ಎದ್ದು ಜೋಳ ಬೀಸಿ, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಳಿಸುವ ಸೊಸೆಯ ದುಡಿತವನ್ನು ದುಡಿತವೆಂದು ಯಾರೂ ಲೆಕ್ಕ ಹಿಡಿಯದ ದಿನಗಳವು. ಕೂಡುಕುಟುಂಬ ನಿಂತಿರುವುದು ಹಿರಿಯನ ಗತ್ತಿನ ಮೇಲಲ್ಲ, ಒಳಗಿನ ಹೆಂಗಸಿನ ತಾಳ್ಮೆಯ ಮೇಲೆ ಎಂದು ಕುಟುಂಬದ ಕಾದಂಬರಿಗಳು ಹೇಳಿದಾಗ ಓದುವ ಸೊಸೆಗೆ ಯಾರೋ ತನ್ನನ್ನು ಕಂಡರು ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಕಣ್ಣೀರು ಬರಿಸುತ್ತಿದ್ದ ಪುಟಗಳು ಆ ಅರ್ಥದಲ್ಲಿ ಸಮಾಧಾನವನ್ನೂ ಕೊಡುತ್ತಿದ್ದವು.

ಈ ಬಗೆಯ ಕಥೆಗಳ ಮಿತಿಯೂ ಅಲ್ಲಿಯೇ ಇದೆ. ತಾಳಿದವಳಿಗೆ ಕೊನೆಯ ಪುಟದಲ್ಲಿ ಗೆಲುವಿದೆ. ನಿಜವಾದ ಮನೆಗಳಲ್ಲಿ ಆ ಕೊನೆಯ ಪುಟ ಬರುತ್ತದೆಂದು ಯಾರೂ ಖಾತ್ರಿ ಕೊಟ್ಟಿರಲಿಲ್ಲ. ಮಗಳ ಕೈಗೆ ಇಂಥ ಕಾದಂಬರಿ ಕೊಟ್ಟ ತಾಯಿ ತಾಳ್ಮೆಯನ್ನು ಕಲಿಸಿದಳು. ಯಾವಾಗ ತಾಳುವುದನ್ನು ನಿಲ್ಲಿಸಬೇಕು ಎಂಬುದಕ್ಕೆ ಆ ಪುಟಗಳಲ್ಲಿ ಉತ್ತರ ಸಿಗುವುದು ಅಪರೂಪವಾಗಿತ್ತು.

ಕಟ್ಟೀಮನಿಯವರ ಬೀದಿ

ಕಟ್ಟೀಮನಿ ಬೇರೆ ಧಾತಿನವರು. ೧೯೪೨ರ ಚಳವಳಿಯಲ್ಲಿ ಸೆರೆಮನೆ ಕಂಡವರು, ಪತ್ರಿಕೆಗಳಲ್ಲಿ ದುಡಿದವರು, ಪ್ರಗತಿಶೀಲ ಪಂಥದ ಮುಂಚೂಣಿಯಲ್ಲಿ ನಿಂತವರು. ‘ಜ್ವಾಲಾಮುಖಿಯ ಮೇಲೆ’ ಅವರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ತಂದಿತು. ‘ಜರತಾರಿ ಜಗದ್ಗುರು’ ಮಠಗಳ ಒಳಗನ್ನು ಬಯಲಿಗೆಳೆದು ಅವರ ಮೇಲೆ ಸಿಟ್ಟು ತಂದಿತು. ೧೯೮೦ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ೧೯೮೯ರಲ್ಲಿ ತೀರಿಕೊಂಡರು.

ಅವರ ‘ಖಾನಾವಳಿಯ ನೀಲಾ’ ಎಂಬ ಹೆಸರನ್ನು ಗಮನಿಸಿ. ನಮ್ಮ ಕಡೆ ಹೆಣ್ಣುಮಗಳನ್ನು ಇಂಥವರ ಮಗಳು, ಇಂಥವರ ಸೊಸೆ, ಇಂಥ ಊರವಳು ಎಂದು ಗುರುತಿಸುವುದು ರೂಢಿ. ಈ ಶೀರ್ಷಿಕೆಯಲ್ಲಿ ನೀಲಾಳ ಹಿಂದೆ ಅಪ್ಪನ ಹೆಸರಿಲ್ಲ, ಮನೆತನವಿಲ್ಲ, ಗಂಡನೂ ಇಲ್ಲ. ಇರುವುದು ಖಾನಾವಳಿ.

ಖಾನಾವಳಿ ಏನೆಂದು ಉತ್ತರ ಕರ್ನಾಟಕದವರಿಗೆ ವಿವರಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ಬಂತು. ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ಕಚೇರಿ, ಕಾಲೇಜು, ರೈಲ್ವೆ ಬಂದವು. ಊರು ಬಿಟ್ಟು ಬಂದ ಕಾರಕೂನರು, ಕೂಲಿಗಳು, ವಿದ್ಯಾರ್ಥಿಗಳು ತಿಂಗಳ ಲೆಕ್ಕದಲ್ಲಿ ಉಣ್ಣಲು ಮನೆಯಂಥ ಜಾಗ ಹುಡುಕಿದರು. ಗಂಡ ಸತ್ತ, ಗಂಡ ಬಿಟ್ಟ, ಹೊಲವಿಲ್ಲದ ಹೆಂಗಸರಿಗೆ ಗೊತ್ತಿದ್ದ ಕಸುಬು ಒಂದೇ, ರೊಟ್ಟಿ ಬಡಿಯುವುದು. ಮನೆಯೊಳಗೆ ಬಡಿದರೆ ಅದು ಧರ್ಮ, ಅದೇ ರೊಟ್ಟಿಗೆ ದುಡ್ಡು ಪಡೆದರೆ ವ್ಯಾಪಾರ. ಧರ್ಮ ಮಾಡುವವಳಿಗೆ ಮರ್ಯಾದೆಯುಂಟು. ಅಪರಿಚಿತ ಗಂಡಸರಿಗೆ ಬಡಿಸುವವಳ ಮೇಲೆ ಹತ್ತು ಕಣ್ಣು. ತನ್ನ ಕಾಲ ಮೇಲೆ ನಿಲ್ಲಲು ಹೆಣ್ಣಿಗೆ ಇದ್ದ ಕೆಲವೇ ದಾರಿಗಳಲ್ಲಿ ಒಂದಾಗಿದ್ದ ಖಾನಾವಳಿ ಹೀಗೆ ಮನೆಯೂ ಅಲ್ಲದ ಬೀದಿಯೂ ಅಲ್ಲದ ಜಾಗವಾಯಿತು. ಅಂಥ ಜಾಗದ ಹೆಣ್ಣಿನ ಹೆಸರನ್ನು ಕಾದಂಬರಿಯ ಹೆಸರಾಗಿಸಿದ್ದೇ ಒಂದು ನಿಲುವು.

‘ಬೀದಿಯಲ್ಲಿ ಬಿದ್ದವಳು’ ಎಂಬ ಮಾತನ್ನು ಊರು ಬೈಗುಳವಾಗಿ ಬಳಸುತ್ತದೆ. ಅದನ್ನೇ ಎತ್ತಿ ರಕ್ಷಾಪುಟದ ಮೇಲೆ ಇಟ್ಟಾಗ ಓದುಗ ನಿಂತು ಕೇಳಬೇಕಾಗುತ್ತದೆ: ಅವಳು ತಾನಾಗಿ ಬಿದ್ದಳೇ, ಯಾರಾದರೂ ದಬ್ಬಿದರೇ? ಹೆಣ್ಣಿನ ನಡತೆಯ ಪ್ರಶ್ನೆಯನ್ನು ಹಣದ, ಜಾತಿಯ, ಅಧಿಕಾರದ ಪ್ರಶ್ನೆಯಾಗಿ ತಿರುಗಿಸಿದ್ದು ಪ್ರಗತಿಶೀಲರ ದೊಡ್ಡ ಕೆಲಸ. ಪುರಾಣಿಕರ ಮನೆ ಒಳಗಿದ್ದವಳಿಗೆ ಗೌರವ ಕೊಟ್ಟಿತು. ಕಟ್ಟೀಮನಿಯವರ ಬೀದಿ ಹೊರಗಾದವಳಿಗೆ ನ್ಯಾಯ ಕೇಳಿತು. ಈ ಇಬ್ಬರನ್ನೂ ಕೂಡಿಯೇ ಓದಿದರೆ ಆ ಕಾಲದ ಹೆಣ್ಣಿನ ಬಾಳು ಇಡಿಯಾಗಿ ಕಾಣುತ್ತದೆ.

ಆದರೂ ಒಂದು ಮಾತು ಉಳಿಯುತ್ತದೆ. ದೇವತೆ ಎಂದವರೂ ಬಿದ್ದವಳು ಎಂಬ ಮಾತನ್ನು ಪ್ರಶ್ನಿಸಿದವರೂ ಗಂಡಸರೇ. ಪೂಜೆಯಾಗಲಿ ಕರುಣೆಯಾಗಲಿ, ಅವಳನ್ನು ಹೊರಗಿನಿಂದ ನೋಡಿದ ನೋಟ ಅದು.

ಅವಳೇ ಬರೆದಾಗ

ಒಳಗಿನ ನೋಟ ಕನ್ನಡಕ್ಕೆ ಬಂದದ್ದು ಹೆಂಗಸರು ಬರೆದಾಗ. ಕೇವಲ ೨೭ ವರ್ಷ ಬದುಕಿದ್ದ ಕೊಡಗಿನ ಗೌರಮ್ಮ ೧೯೩೦ರ ದಶಕದ ತಮ್ಮ ಕಥೆಗಳಲ್ಲಿ ವಿಧವೆಯರ, ಪ್ರೀತಿಸಿ ಸೋತವರ ಮನಸ್ಸನ್ನು ಯಾವ ಉಪದೇಶವೂ ಇಲ್ಲದೆ ಬಿಡಿಸಿಟ್ಟರು. ೧೯೬೩ರಲ್ಲಿ ತೀರಿಕೊಂಡ ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಒಳ್ಳೆಯ ಹೆಂಡತಿ, ಒಳ್ಳೆಯ ಸೊಸೆ. ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಮನೆಯವರ ಅನುಮಾನ ಮಾತ್ರ ಗುಣವಾಗುವುದಿಲ್ಲ. ಕುಲವಧುವಿನ ಎಲ್ಲ ಪರೀಕ್ಷೆಗಳಲ್ಲಿ ಪಾಸಾದವಳನ್ನೂ ಮನೆ ಹೊರಗಿಡಬಲ್ಲದು ಎಂಬ ಸತ್ಯವನ್ನು ತ್ರಿವೇಣಿ ಹೇಳಿದರು. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದರು. ತಾಳಿದವಳಿಗೆ ಕೊನೆಯಲ್ಲಿ ಗೆಲುವು ಎಂಬ ಹಳೆಯ ಭರವಸೆ ಆ ಚಿತ್ರ ನೋಡಿದವರಿಗೆ ಉಳಿಯಲಿಲ್ಲ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ೧೯೭೬ರಲ್ಲಿ ಬಂತು. ಬಾಲ್ಯದಲ್ಲೇ ವಿಧವೆಯಾದ ಆಕೆ ಮನೆ ಬಿಡುವುದಿಲ್ಲ, ಕೂಗಾಡುವುದಿಲ್ಲ. ಮಡಿಯ ಎಲ್ಲ ಕಟ್ಟುಗಳೊಳಗೆ ಬದುಕುತ್ತಲೇ, ಇನ್ನೊಂದು ಹುಡುಗಿಯ ತಲೆ ಬೋಳಿಸುವ ಪ್ರಸಂಗ ಬಂದಾಗ ಆ ಹುಡುಗಿಯ ಪರ ನಿಲ್ಲುತ್ತಾಳೆ. ಗಡಿಯಾಚೆ ಕಾಸರಗೋಡಿನ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ಅಪ್ಪನ ಹಟ, ಗಂಡನ ದುಡುಕು, ಧರ್ಮದ ಹೆಸರಿನ ನಿಯಮ ಇವುಗಳ ನಡುವೆ ಸಿಕ್ಕಿದ ನಾದಿರಾಗೆ ಎರಡೂ ದಡದ ಮನೆಗಳು ಮುಚ್ಚಿದಾಗ ಉಳಿದದ್ದು ನೀರು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ೨೦೨೫ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡದ ಅಡುಗೆಮನೆಯ ಬಿಕ್ಕು ಲಂಡನ್ನಿಗೂ ಕೇಳಿಸಿತು. ಜಾತಿ, ಧರ್ಮ, ಸೀಮೆ ಬೇರೆ ಬೇರೆಯಾದರೂ ಈ ಎಲ್ಲ ಕಥೆಗಳಲ್ಲಿ ಹೊಸ್ತಿಲು ಒಂದೇ ಎತ್ತರದ್ದು.

ಇವರ ಬರವಣಿಗೆಯಿಂದಾದ ಬದಲಾವಣೆ ಇಷ್ಟು: ಹೆಣ್ಣು ಹೇಗಿರಬೇಕು ಎಂಬ ಪ್ರಶ್ನೆಯ ಜಾಗದಲ್ಲಿ ಅವಳಿಗೆ ಏನನ್ನಿಸುತ್ತದೆ ಎಂಬ ಪ್ರಶ್ನೆ ಬಂತು. ಕೇಳಲು ಸಣ್ಣದಾದರೂ ಕಥೆಯ ದಿಕ್ಕನ್ನೇ ಬದಲಿಸುವ ಪ್ರಶ್ನೆ ಇದು.

ಇನ್ನೂ ಮುಗಿಯದ ಕಥೆ

ಶಾರದಾ ಕಾಯದೆಯ ೧೪ ವರ್ಷ ಹಂತಹಂತವಾಗಿ ಏರಿ ೧೯೭೮ರಲ್ಲಿ ೧೮ಕ್ಕೆ ಮುಟ್ಟಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯದೆಯನ್ನು ಕರ್ನಾಟಕ ೧೯೮೨ರಲ್ಲಿ ಮಾಡಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವ ತಿದ್ದುಪಡಿಯನ್ನು ರಾಜ್ಯ ೧೯೯೪ರಲ್ಲಿಯೂ ಕೇಂದ್ರ ೨೦೦೫ರಲ್ಲಿಯೂ ತಂದವು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಕಾಯದೆಯ ಮಟ್ಟಿಗೆ ಅಲ್ಲಿಗೆ ಸತ್ತಿತು. ೨೦೦೬ರಲ್ಲಿ ಬಾಲ್ಯವಿವಾಹ ನಿಷೇಧ ಕಾಯದೆ ಇನ್ನಷ್ಟು ಬಿಗಿಯಾಗಿ ಬಂತು.

ಮನೆಗಳಲ್ಲಿ ಏನಾಗಿದೆ? ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ೨೦ರಿಂದ ೨೪ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ ೨೧ರಷ್ಟು ಜನರಿಗೆ ೧೮ ತುಂಬುವ ಮೊದಲೇ ಮದುವೆಯಾಗಿತ್ತು. ಐದರಲ್ಲಿ ಒಬ್ಬಳು. ಶಾರದಾ ಕಾಯದೆ ಬಂದು ತೊಂಬತ್ತು ವರ್ಷವಾದ ಮೇಲೂ ಇದು ಸ್ಥಿತಿ. ಹತ್ತನೆಯ ಇಯತ್ತೆ ಮುಗಿಸಿದ ಹುಡುಗಿಯನ್ನು ಬಸ್ಸು ಹತ್ತಿಸಿ ಕಾಲೇಜಿಗೆ ಕಳಿಸಬೇಕೋ, ಒಳ್ಳೆಯ ಮನೆತನ ಬಂದಿದೆಯೆಂದು ಅಕ್ಕಿಕಾಳು ಹಾಕಿಬಿಡಬೇಕೋ ಎಂಬ ಮಾತು ಇಂದಿಗೂ ಪಡಸಾಲೆಯಲ್ಲಿ ನಡೆಯುತ್ತದೆ. ಅಲ್ಲಿ ಹಿರಿಯರಿರುತ್ತಾರೆ, ಸೋದರಮಾವ ಇರುತ್ತಾನೆ, ಮಧ್ಯಸ್ಥರಿರುತ್ತಾರೆ. ಹುಡುಗಿ ಒಳಗೆ ಚಹಾ ಸೋಸುತ್ತಿರುತ್ತಾಳೆ.

ಇಂಥ ಹೊತ್ತಿನಲ್ಲಿ ಕಾದಂಬರಿಯಿಂದ ಏನಾದೀತು ಎಂದು ಕೇಳುವವರಿದ್ದಾರೆ. ಕಾದಂಬರಿ ಮದುವೆ ತಡೆಯಲಾರದು, ಫೀ ಕಟ್ಟಲಾರದು. ಆದರೆ ಪಡಸಾಲೆಯ ಮಾತಿನಲ್ಲಿ ಬರುವ ಪದಗಳೆಲ್ಲ, ಮರ್ಯಾದೆ, ಮನೆತನ, ತಾಳ್ಮೆ, ಹೆಣ್ಣಿನ ಜನ್ಮ, ಕಥೆಗಳಿಂದಲೇ ಬಂದವು. ಅವುಗಳಿಗೆ ಬೇರೆ ಅರ್ಥ ಕೊಡುವ ಶಕ್ತಿಯೂ ಕಥೆಗೇ ಇದೆ. ತಾಳ್ಮೆ ಎಂಬ ಪದವನ್ನು ‘ಕುಲವಧು’ವಿನ ಕಾಲದ ಓದುಗಳು ಅರ್ಥ ಮಾಡಿಕೊಂಡ ಹಾಗೆ ‘ಶರಪಂಜರ’ ಓದಿದವಳು ಅರ್ಥ ಮಾಡಿಕೊಳ್ಳುವುದಿಲ್ಲ.

ನಮ್ಮ ಶಾಲೆಗಳ, ಗ್ರಾಮ ಪಂಚಾಯತಿಗಳ ವಾಚನಾಲಯಗಳಲ್ಲಿ ಆನಂದಕಂದರು, ಪುರಾಣಿಕರು, ಕಟ್ಟೀಮನಿಯವರ ಪುಸ್ತಕಗಳು ಇರಬೇಕು, ಅವುಗಳ ಪಕ್ಕದಲ್ಲಿಯೇ ತ್ರಿವೇಣಿ, ಸಾರಾ, ಬಾನು ಅವರವೂ ಇರಬೇಕು. ಮಲಾಮರಡಿ, ಬೆಟಗೇರಿ, ಕುಲಗೋಡ, ಕೌಜಲಗಿಗಳ ಹುಡುಗಿಯರಿಗೆ ತಮ್ಮ ಊರಿನ ಹೆಸರು ಕನ್ನಡ ಸಾಹಿತ್ಯದ ಇತಿಹಾಸದಲ್ಲಿದೆ ಎಂಬುದು ಗೊತ್ತಾಗಬೇಕು. ಆ ಊರುಗಳು ಇದುವರೆಗೆ ಅವರ ಬಗ್ಗೆ ಬರೆದ ಗಂಡಸರನ್ನು ಕೊಟ್ಟಿವೆ, ದೇವರ ಎದುರು ಮುನಿಸಿಕೊಳ್ಳುವ ಆಟ ಆಡಿ ತೋರಿಸಿದ ಹೆಂಗಸನ್ನೂ ಕೊಟ್ಟಿವೆ. ಮುಂದಿನ ಕಾದಂಬರಿಯನ್ನು ಆ ಊರಿನ ಹುಡುಗಿಯೊಬ್ಬಳು ಬರೆಯಬೇಕಾದರೆ ಮೊದಲು ಅವಳಿಗೆ ಓದು ಮುಗಿಸುವಷ್ಟು ಕಾಲ ಸಿಗಬೇಕು. ಅದನ್ನು ಕೊಡಬೇಕಾದವರು ಪಡಸಾಲೆಯಲ್ಲಿ ಕೂತವರು.